ಹ್ಞೂಂರಿ ಅಂದ ಮೇಲೆ

ಹುಮನಾಬಾದಿನ ಸ್ಕ್ಯಾನ್ ಸೆಂಟರಿನಲ್ಲಿ ನಾನು ಮಷೀನು ನಡೆಸುತ್ತಿದ್ದಾಗ ರಾಜೇಶ್ವರದ ಕಿರಾಣಿ ಅಂಗಡಿಯ ಕಾಕಾ ಒಬ್ಬರು ಬಂದರು. ಅವರ ಮೇದೋಜೀರಕ ಗ್ರಂಥಿಯಲ್ಲೊಂದು ಗಂಟು. ಅದು ಪಕ್ಕದ ರಕ್ತನಾಳಕ್ಕೆ ಅಂಟಿಲ್ಲ ಎಂದು ಖಾತ್ರಿಯಾದರೆ ಮಾತ್ರ ಆಪರೇಷನ್ನಿನ ಮಾತು. ಆದರೆ ಉಸಿರಾಡಿದರೆ ಹೊಟ್ಟೆಯೊಳಗಿನದೆಲ್ಲ ಮೇಲೆ ಕೆಳಗೆ ಸರಿದು ಚಿತ್ರ ಕಲಸಿಹೋಗುತ್ತದೆ.

"ಕಾಕಾ, ಉಸಿರು ತಗೊಂಡು ಬಿಗಿ ಹಿಡೀರಿ," ಎಂದು ಮೈಕಿನಲ್ಲಿ ಹೇಳಿದೆ.

"ಹ್ಞೂಂರಿ," ಅಂದರು. ಹಿಡಿದ ಉಸಿರೆಲ್ಲ ಆ ಹ್ಞೂಂರಿಯಲ್ಲೇ ಹೋಯಿತು.

ಮೂರನೇ ಸಲವೂ ಹಾಗೇ ಆದಾಗ ಸಿಟ್ಟು ಬಂತು. ಒಳಗೆ ಹೋಗಿ, "ಮಾತಾಡಬ್ಯಾಡ್ರಿ ಕಾಕಾ," ಅಂದೆ.

"ನೀವು ಹೇಳಾಕತ್ತಾಗ ನಾ ಹ್ಯಾಂಗ ಸುಮ್ಕ ಇರ್ಲಿರಿ? ನಲವತ್ತು ವರ್ಷ ಗಿರಾಕಿಗೆ ಹ್ಞೂಂ ಅಂದ ಬಾಯಿ ಇದು."

ಆ ಬಾಯಿ ತಿದ್ದುವುದು ನನ್ನ ಕೆಲಸವಲ್ಲ. ನನಗೆ ಬೇಕಿದ್ದದ್ದು ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುವ ಹೊಟ್ಟೆ. ಉಸಿರು ಪೂರ್ತಿ ಹೊರಗೆ ಹೋದಾಗ ಅದು ತಾನಾಗಿಯೇ ನಿಲ್ಲುತ್ತದೆ.

"ಹಂಗಾದ್ರ ಹ್ಞೂಂರಿ ಅನ್ರಿ. ಅಂದಮ್ಯಾಲ ನಾ ಹೇಳೂತನಕ ಮತ್ತ ಉಸಿರು ತಗೋಬ್ಯಾಡ್ರಿ."

ಅವರು ಪ್ರತಿ ಸಲವೂ ಹ್ಞೂಂರಿ ಅಂದರು, ಅದು ಮುಗಿದ ಕೂಡಲೇ ನಾನು ಗುಂಡಿ ಒತ್ತಿದೆ. ಗಂಟಿನ ಅಂಚು ಪೆನ್ಸಿಲಿನಲ್ಲಿ ಗೆರೆ ಎಳೆದಂತೆ ಬಂತು. ರಕ್ತನಾಳಕ್ಕೂ ಅದಕ್ಕೂ ನಡುವೆ ಜಾಗವಿತ್ತು.

ಫಿಲ್ಮ್ ನೋಡಿದ ಸೊಲ್ಲಾಪುರದ ಸರ್ಜನ್ ಫೋನ್ ಮಾಡಿ, ಹೊಸ ಮಷೀನ್ ತರಿಸಿದಿರೇನು ಎಂದು ಕೇಳಿದರು.

"ಮಷೀನ್ ಹಳೇದೇ ಅದ ಸರ್," ಅಂದೆ. "ಪೇಷಂಟ್ ಮರ್ಯಾದಸ್ತರು."