ಎದೆಮಟ್ಟದ ಗೋಡೆ

ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಬೆಳಗಾದರೆ ಹೊಸ ಗೋಡೆಗೆ ಪೈಪಿನಲ್ಲಿ ನೀರು ಬಿಡುತ್ತಾರೆ. ಹಸಿ ಸಿಮೆಂಟು ನೀರು ಕುಡಿಯುವ ಆ ವಾಸನೆ ತುಮಕೂರಿನ ನನ್ನ ಬಾಡಿಗೆ ಮನೆಯೊಳಕ್ಕೆ ಬಂದರೆ ನಾನು ಕೂತಲ್ಲಿ ಕೂರಲಾರೆ. ಕಿಟಕಿ ಮುಚ್ಚುತ್ತೇನೆ, ಮತ್ತೆ ತೆರೆಯುತ್ತೇನೆ. ಗುಬ್ಬಿಯ ನಮ್ಮ ಹೆಂಚಿನ ಮನೆ, ಅದರ ಉದ್ದನೆಯ ಹಜಾರ, ಆ ಹಜಾರವನ್ನು ಎರಡು ಮಾಡಿದ ಗೋಡೆ, ಎಲ್ಲವೂ ಎದ್ದು ಬರುತ್ತವೆ. ನಾನು ನಿಜವಾಗಿ ಕಂಡದ್ದೆಷ್ಟು, ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂಬ ಅನುಮಾನವೂ ಜೊತೆಗೇ ಬರುತ್ತದೆ.

ಎಂ.ಎ. ಓದುವಾಗ ಒಮ್ಮೆ ನಿಘಂಟಿನಲ್ಲಿ ‘ಗೋಡೆ’ ಹುಡುಕಿದ್ದೆ. ಭಿತ್ತಿ, ಕುಡ್ಯ ಎಂದಿತ್ತು. ನಮ್ಮ ಮನೆಯವರು ಇಟ್ಟ ಹೆಸರುಗಳು ಅಲ್ಲಿರಲಿಲ್ಲ. ಚೇಳೂರಿನಲ್ಲಿ ಮೇಷ್ಟರಾಗಿದ್ದ ಅಪ್ಪ ಅದನ್ನು ಪಾರ್ಟಿಷನ್ ಎನ್ನುತ್ತಿದ್ದರು. ಸತ್ಯಮಂಗಲದ ಕಾರ್ಖಾನೆಗೆ ಹೋಗುತ್ತಿದ್ದ ದೊಡ್ಡಪ್ಪನಿಗೆ ಅದು ಅಡ್ಡಗೋಡೆ. ಅಮ್ಮನಿಗೆ ಮರೆ. ದೊಡ್ಡಮ್ಮ ಮಾತ್ರ, ಬಾಲವಿಲ್ಲದ ಕರುವಿನ ಬಗ್ಗೆ ಹೇಳುವಂತೆ, ಮೋಟುಗೋಡೆ ಅನ್ನುತ್ತಿದ್ದಳು. ಅಣ್ಣತಮ್ಮಂದಿರು ಯಾಕೆ ಬೇರೆಯಾದರೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬರೆದರೆ ಯಾರಿಂದಲೋ ಕೇಳಿದ್ದನ್ನು ಕಣ್ಣಾರೆ ಕಂಡಂತೆ ಬರೆದ ಹಾಗಾಗುತ್ತದೆ. ಒಲೆ ಎರಡಾದವು, ಹಿಂದಿನ ಕೋಣೆಯ ಬಾಗಿಲನ್ನು ಬೀದಿಗೆ ತಿರುಗಿಸಿ ದೊಡ್ಡಮ್ಮನ ಕಡೆಗೆ ಬೇರೆ ತಲೆಬಾಗಿಲು ಮಾಡಿದರು, ಹಜಾರದ ನಡುವೆ ಇಟ್ಟಿಗೆಯ ಗೋಡೆ ಎದ್ದಿತು. ದೊಡ್ಡವರ ಎದೆಮಟ್ಟಕ್ಕೆ ಬಂದು ನಿಂತಿತು. ಉಳಿದ ಇಟ್ಟಿಗೆಯನ್ನು ಹಿತ್ತಲಲ್ಲಿ ಒಟ್ಟಿದ್ದರು. ಶಾಲೆಯಿಂದ ಬಂದವಳು ಮೊದಲು ಹಿತ್ತಲಿಗೆ ಹೋಗಿ ಆ ಒಟ್ಟಿಲು ಹಾಗೇ ಇದೆಯೇ ಎಂದು ನೋಡುತ್ತಿದ್ದೆ. ಅದು ಕರಗಿ ಗೋಡೆಗೇರಿದ ದಿನ ದೊಡ್ಡಮ್ಮ ನನಗಿಲ್ಲ ಎಂಬುದು ಯಾರೂ ಹೇಳದೆಯೇ ತಿಳಿದಿತ್ತು.

ಹುಟ್ಟಿದಾಗಿನಿಂದ ನಾನು ಅವಳ ಮಗ್ಗುಲಲ್ಲೇ ಮಲಗಿದವಳು. ಬಾಣಂತಿತನದಲ್ಲಿ ಅಮ್ಮನಿಗೆ ಮೈಯಲ್ಲಿ ಹುಷಾರಿರಲಿಲ್ಲವಂತೆ, ದೊಡ್ಡಮ್ಮ ಎತ್ತಿಕೊಂಡಳಂತೆ, ಆಮೇಲೆ ಕೆಳಗಿಳಿಸಲೇ ಇಲ್ಲವಂತೆ. ಗೋಡೆ ಎದ್ದ ಮೇಲೂ ರಾತ್ರಿಯಾದರೆ ಅದರ ಮೇಲಿಂದಲೇ ನನ್ನನ್ನು ಆ ಕಡೆಗೆ ಎತ್ತಿಕೊಳ್ಳುತ್ತಿದ್ದಳು. ಅಮ್ಮ ಗದರಿದರೆ ನಾನು ಸ್ಟೂಲ್ ಎಳೆದು ಗೋಡೆಯ ಪಕ್ಕ ಹತ್ತಿ ನಿಲ್ಲುತ್ತಿದ್ದೆ. ಕೂಗಿದರೆ ಸಾಕು, ಆ ಕಡೆಯಿಂದ ಬಳೆಯ ಕೈ ಬರುತ್ತಿತ್ತು, ಕೈಯಲ್ಲಿ ಕೊಬ್ಬರಿ ಬೆಲ್ಲ ಇರುತ್ತಿತ್ತು.

“ಏನೇ, ನಿಮ್ಮಮ್ಮ ಇವತ್ತೂ ಬೇಳೆ ಸೀಯ್ಸಿದ್ಲಾ? ವಾಸ್ನೆ ಇಲ್ಲೀಗಂಟ ಬಂತು.”

ಒಲೆಯ ಮುಂದಿನಿಂದ ಅಮ್ಮ, “ಮೂಗು ನಿಮ್ ಕಡೆನೇ ಇಟ್ಕಳಿ ಅಕ್ಕ,” ಎನ್ನುತ್ತಿದ್ದಳು.

ದೀಪ ಹಚ್ಚಿದ ಮೇಲೆ ಉಪ್ಪು, ಸೂಜಿ, ಹಾಲಿಗೆ ಹಾಕುವ ಹೆಪ್ಪು ಇವನ್ನು ಮನೆಯಿಂದ ಹೊರಗೆ ಕೊಡುವಂತಿರಲಿಲ್ಲ. ಕೊಟ್ಟರೆ ಲಕ್ಷ್ಮಿ ಅವುಗಳ ಹಿಂದೆಯೇ ಹೊರಟುಬಿಡುತ್ತಾಳೆ. ಆದರೆ ಅಮ್ಮ ಹೆಪ್ಪು ಮರೆತ ಸಂಜೆಗಳಲ್ಲಿ ದೊಡ್ಡಮ್ಮ ಬಟ್ಟಲನ್ನು ಗೋಡೆಯ ಮೇಲಿಡುತ್ತಿದ್ದಳು. “ಹೊಸ್ಲು ದಾಟ್ಲಿಲ್ವಲ್ಲ, ಹೊರ್ಗೆ ಹೆಂಗಾಯ್ತದೆ? ತಗಾ.”

ಒಂದು ಬೇಸಿಗೆಯಲ್ಲಿ ಹಿತ್ತಲಿನ ಇಟ್ಟಿಗೆ ಕರಗಿತು. ಗಾರೆಯವನು ಹಲಗೆಯ ಮೇಲೆ ನಿಂತಿದ್ದ, ಗೋಡೆ ತೊಲೆ ಮುಟ್ಟಿತ್ತು. ಕೆಳಗೆ ನಿಂತು “ಏರ್ಸಯ್ಯ ಮೇಲಕ್ಕೆ” ಎಂದು ಕೂಗುತ್ತಿದ್ದ ದೊಡ್ಡಪ್ಪನ ಮುಖ ನನಗೆ ಈಗಲೂ ಕಾಣುತ್ತದೆ. ಅದಕ್ಕಾಗಿ ವರ್ಷಗಟ್ಟಲೆ ಅವರ ಮೇಲೆ ಸಿಟ್ಟಿಟ್ಟುಕೊಂಡಿದ್ದೆ. ಆಮೇಲೆ ಗೋಡೆಗೆ ನೀರು ಹಾಕುವ ಕೆಲಸ. ಈ ಕಡೆಗೆ ಅಮ್ಮ, ಆ ಕಡೆಗೆ ದೊಡ್ಡಮ್ಮ. ಒಬ್ಬರು ಚೊಂಬಿನಿಂದ ಎರಚುವ ಸದ್ದು ಇನ್ನೊಬ್ಬರಿಗೆ ಮಂದವಾಗಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಅಮ್ಮ ಬಟ್ಟಲು ಕೊಟ್ಟು ಕಳಿಸಿದಳು. ಮೊದಲ ಸಲ ನಾನು ಬೀದಿಗಿಳಿದು, ಸುತ್ತಿ, ಆ ಬಾಗಿಲಲ್ಲಿ ನಿಂತೆ. ದೊಡ್ಡಮ್ಮ ಬಟ್ಟಲು ನೋಡಿದಳು, ತಿರುಗಿ ದೇವರ ಗೂಡು ನೋಡಿದಳು.

“ದೀಪ ಹಚ್ಬುಟ್ಟಿದೀನಿ ಕಣೇ. ಬೆಳಿಗ್ಗೆ ಬಾ.”

“ಮುಂಚೆ ಕೊಡ್ತಿದ್ರಲ್ಲ?”

“ಆವಾಗ ಒಳ್ಗಿದ್ಯಲ್ಲೇ ನೀನು.”

ಖಾಲಿ ಬಟ್ಟಲು ಹಿಡಿದು ವಾಪಸು ಬಂದೆ. ಆಮೇಲೆ ಆ ಬಾಗಿಲಿಗೆ ನಾನಾಗಿ ಹೋದ ನೆನಪಿಲ್ಲ. ಅಮ್ಮನ ಮಗ್ಗುಲಿಗೆ ಯಾವಾಗ ಸರಿದೆನೋ ಅದೂ ನೆನಪಿಲ್ಲ. ನಾನು ಕಾಲೇಜಿಗೆ ಬರುವ ಹೊತ್ತಿಗೆ ಮನೆ ಮಾರಿಹೋಯಿತು. ಅಪ್ಪ ಅಮ್ಮ ತುಮಕೂರಿಗೆ ಬಂದರು, ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಕುಣಿಗಲ್ಲಿನಲ್ಲಿದ್ದ ಮಗಳ ಮನೆ ಸೇರಿದಳು.

ಎಷ್ಟೋ ವರ್ಷದ ಮೇಲೆ, ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ, ನಾನು ದೊಡ್ಡಪ್ಪನನ್ನು ಏನೋ ಅಂದೆ. ಅಮ್ಮ ಕೈ ನಿಲ್ಲಿಸಲಿಲ್ಲ. “ಸತ್ತೋರ್ನ ಯಾಕೆ ಬೈತೀಯ? ಗೋಡೆ ಏರ್ಸಿ ಅಂದಿದ್ದು ನಾನು. ಹೆತ್ತೋಳು ಇಲ್ಲಿದ್ರೆ ನೀನು ಸ್ಟೂಲ್ ಹತ್ಕಂಡು ಅವ್ರನ್ನ ಕೂಗ್ತಿದ್ದೆ. ಎಷ್ಟ್ ದಿನ ನೋಡ್ಕಂಡಿರ್ಲಿ?”

ಮಾರನೆಯ ಭಾನುವಾರವೇ ಕುಣಿಗಲ್ ಬಸ್ಸು ಹತ್ತಿದೆ. ಅಮ್ಮ ಅಂದದ್ದನ್ನು ಕೇಳಿ ದೊಡ್ಡಮ್ಮ ನಕ್ಕಳು. “ಅವಳೆಲ್ಲಿ ಹೇಳ್ತಾಳೆ, ಬಾಯಿಲ್ದೋಳು. ನಿಮ್ ದೊಡ್ಡಪ್ಪಂಗೆ ನಾನೇ ಹೇಳ್ದೆ. ನೀನು ದಿನಾ ಈ ಕಡೆನೇ ನೋಡ್ತಿದ್ರೆ ಅವಳ ಕರುಳು ಏನನ್ಬೇಕು? ನಿಂಗೆ ನಿಮ್ಮಮ್ಮ ಬೇಕಿತ್ತು ಕಣೇ.”

“ಅದಕ್ಕೇನಾ ಅವತ್ತು ಹೆಪ್ಪು ಕೊಡ್ಲಿಲ್ಲ?”

“ಯಾವ ಹೆಪ್ಪೇ?”

ಅವಳು ನಟಿಸುತ್ತಿರಲಿಲ್ಲ. ನನ್ನ ಬಾಲ್ಯವನ್ನು ಎರಡಾಗಿ ಸೀಳಿದ ಸಂಜೆ ಅವಳಲ್ಲಿ ಇರಲೇ ಇಲ್ಲ. ಇಬ್ಬರಲ್ಲಿ ಯಾರು ಹೇಳಿದ್ದು ನಿಜ? ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಹೇಳಿದ್ದರೇ? ಇಬ್ಬರನ್ನೂ ಒಂದು ಕಡೆ ಕೂರಿಸಿ ಕೇಳಬೇಕು ಎಂದುಕೊಂಡೆ, ಕೂರಿಸಲಿಲ್ಲ. ಮೊದಲು ದೊಡ್ಡಮ್ಮ ಹೋದಳು, ವರ್ಷ ತುಂಬುವುದರೊಳಗೆ ಅಮ್ಮ.

ಹೋದ ತಿಂಗಳು ಗುಬ್ಬಿಗೆ ಹೋಗಿದ್ದೆ. ಮನೆಯಿದ್ದ ಜಾಗದಲ್ಲಿ ಟೈಲ್ಸ್ ಅಂಗಡಿ ಬಂದಿದೆ. ಒಳಗೆ ಹೋದೆ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಹಾಲ್, ನಡುವೆ ಏನೂ ಇಲ್ಲ. ಅಮ್ಮನ ಕಡೆ ಎಲ್ಲಿ ಮುಗಿಯುತ್ತಿತ್ತು, ದೊಡ್ಡಮ್ಮನ ಕಡೆ ಎಲ್ಲಿ ಶುರುವಾಗುತ್ತಿತ್ತು ಎಂದು ಅಂದಾಜು ಮಾಡುತ್ತ ಹಿಂದೆ ಮುಂದೆ ನಡೆದೆ. ಅಂಗಡಿಯವರು ಬಂದು ಕೇಳಿದರು, “ಗೋಡೆಗಾ ಮೇಡಂ, ನೆಲಕ್ಕಾ?”

ಸುಮ್ಮನೆ ನೋಡೋಕೆ ಬಂದೆ, ಅಂದೆ.