ಹಂದಿಮಾಂಸದ ಮಡಕೆಯಲ್ಲಿ ಬೆಂದ ಅಲಸಂಡೆ

ಸೋನಿ, ಬಾಬು, ಚಿಂಟು,

ಕಳೆದ ಸಲ ಬಂದಾಗ ನೀವು ಮೂವರೂ ತೊಳೆದಿಟ್ಟ ಹಾಗೆ ತಟ್ಟೆ ಬರಿದು ಮಾಡಿ, "ಅಜ್ಜಿ, ಈ ಅಲಸಂಡೆ ಮತ್ತು ಹಂದಿಮಾಂಸದ ಪದಾರ್ಥ ಮಾಡುವುದು ಹೇಗೆ, ಹೇಳಿಕೊಡಿ" ಎಂದು ಕೇಳಿದಿರಿ. "ಸುಮ್ಮನೆ ಬೇಯಿಸುವುದು, ಅಷ್ಟೇ" ಎಂದು ನಾನು ಒಳಗೆ ಹೋದೆ. ಎದುರಿಗೆ ಕುಳಿತವರಿಗೆ ಏನನ್ನಾದರೂ ಬಿಡಿಸಿ ಹೇಳುವುದೆಂದರೆ ಈ ವಯಸ್ಸಿನಲ್ಲೂ ನನಗೆ ನಾಲಿಗೆ ಏಳುವುದಿಲ್ಲ. ನಿಮ್ಮ ಅಜ್ಜ ಇದ್ದಿದ್ದರೆ ನನ್ನ ಪರವಾಗಿ ಅವರೇ ಹೇಳುತ್ತಿದ್ದರು, ನಡುನಡುವೆ ಎರಡು ಸುಳ್ಳು ಸೇರಿಸಿ. ಈಗ ಅವರಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ಮನೆಯ ಮಾತು ಕೊಂಕಣಿ, ಹೊರಗಿನ ಮಾತು ತುಳು. ಬರೆಯಲು ಕಲಿತದ್ದು ಮಾತ್ರ ಕನ್ನಡ, ಅದೂ ಬೆಳ್ತಂಗಡಿ ಕಡೆಯ ಹಳ್ಳಿಯ ಶಾಲೆಯಲ್ಲಿ ಐದನೇ ತರಗತಿಯವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ತಾಯಿಯ ಮನೆಯಲ್ಲಿ ಉಣ್ಣುವವರು ಹೆಚ್ಚು, ಮಾಂಸ ಕಡಿಮೆ. ಊರಿನಲ್ಲಿ ಯಾರದಾದರೂ ಮದುವೆಗೋ ಹಬ್ಬಕ್ಕೋ ಹಂದಿ ಕಡಿದಾಗ ನಮಗೆ ಬರುತ್ತಿದ್ದುದು ಹೆಚ್ಚಾಗಿ ತೊಗಲು, ಕೊಬ್ಬು, ಎಲುಬು. ಅಮ್ಮ ಅದಕ್ಕೆ ಅಲಸಂಡೆ ಬೀಜ ಸೇರಿಸುತ್ತಿದ್ದಳು. ಸುಗ್ಗಿ ಬೆಳೆ ಕೊಯ್ದ ಗದ್ದೆಯಲ್ಲಿ ಬಿತ್ತಿ ತೆಗೆದ ಅಲಸಂಡೆ ಅದು. ಕಂದು ಮೈ, ಮೇಲೆ ಕಪ್ಪು ಚುಕ್ಕಿಗಳು, ಯಾವುದೋ ಸಣ್ಣ ಹಕ್ಕಿಯ ಮೊಟ್ಟೆಯ ಹಾಗೆ. ಬೆಂದ ಮೇಲೆ ಚುಕ್ಕಿಯೆಲ್ಲ ಮಾಯವಾಗಿ ಒಂದೇ ಬಣ್ಣಕ್ಕೆ ತಿರುಗುತ್ತಿತ್ತು. ಆ ಚುಕ್ಕಿ ಎಲ್ಲಿಗೆ ಹೋಗುತ್ತದೆ ಎಂದು ನಾವು ಮಕ್ಕಳು ಜಗಳವಾಡುತ್ತಿದ್ದೆವು.

ಅಲಸಂಡೆಯನ್ನು ಹಿಂದಿನ ದಿನವೇ ನೀರಿಗೆ ಹಾಕಬೇಕು. ಮಾಂಸಕ್ಕೆ ಉಪ್ಪು, ಬಫಾತ್ ಪುಡಿ, ನೀರುಳ್ಳಿ, ಶುಂಠಿ, ಬೆಳ್ಳುಳ್ಳಿ, ಸೀಳಿದ ಹಸಿಮೆಣಸು ಬೆರೆಸಿ ಸಣ್ಣ ಬೆಂಕಿಯಲ್ಲಿ ಇಡಿ. ನೀರು ಬೇಡ, ಕೊಬ್ಬು ಕರಗಿ ತನ್ನ ನೀರನ್ನು ತಾನೇ ಬಿಡುತ್ತದೆ. ಬಫಾತ್ ಪುಡಿ ನಿಮ್ಮ ತಾಯಿಯ ಹತ್ತಿರ ಉಂಟು. ಒಣಮೆಣಸು, ಕೊತ್ತಂಬರಿ, ಜೀರಿಗೆ, ಕರಿಮೆಣಸು, ಅರಸಿನ, ಲವಂಗ, ದಾಲ್ಚಿನ್ನಿ ಒಣಗಿಸಿ ಕುಟ್ಟಿದ್ದು. ಅಲಸಂಡೆ ಬೇರೆಯೇ ಬೇಯಬೇಕು, ಎರಡು ಬೆರಳಿನ ನಡುವೆ ಹಿಚುಕಿದರೆ ಒಡೆಯುವಷ್ಟು. ಆಮೇಲೆ ಎರಡನ್ನೂ ಸೇರಿಸಿ, ಎಲ್ಲಕ್ಕಿಂತ ಕೊನೆಗೆ ಹುಣಸೆ ಹುಳಿ ಹಾಕಿ. ಹುಳಿ ಮೊದಲೇ ಬಿದ್ದರೆ ಅಲಸಂಡೆ ಹಠ ಹಿಡಿಯುತ್ತದೆ, ಮತ್ತೆ ದಿನವಿಡೀ ಬೇಯಿಸಿದರೂ ಮೆತ್ತಗಾಗುವುದಿಲ್ಲ.

ನೀವು ಕೇಳಿದ್ದು ಇಷ್ಟೇ. ಆದರೆ ಈ ಪದಾರ್ಥ ನಮ್ಮ ಬಂಟ್ವಾಳದ ಮನೆಯೊಳಗೆ ಬಂದ ಬಗೆಯನ್ನೂ ಬರೆದುಬಿಡುತ್ತೇನೆ. ಅದರಲ್ಲಿ ನಿಮ್ಮ ಅಪ್ಪನ ಪಾಲೂ ಉಂಟು.

ನಾನು ಮದುವೆಯಾಗಿ ಬಂದದ್ದು ಐವತ್ತರ ದಶಕದ ಕೊನೆಗೆ. ನಿಮ್ಮ ಅಜ್ಜ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಮೂಡುಬಿದಿರೆಗೆ ಹೋದರೆ, ಅಲ್ಲಿಂದ ಬೆಳ್ತಂಗಡಿ ಸುತ್ತಿ ಕತ್ತಲಾಗುವ ಹೊತ್ತಿಗೆ ಮನೆ. ಹಗಲಿಡೀ ಮನೆಯಲ್ಲಿ ನಾನು, ಅತ್ತೆ, ಮಾವ. ಅತ್ತೆಯನ್ನು ಮಾಂಯ್ ಎಂದೂ ಮಾವನನ್ನು ಮಾಂವ್ ಎಂದೂ ಕರೆಯುವುದು ನಮ್ಮ ಕ್ರಮ. ಮಾಂವ್ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ಆಗಷ್ಟೇ ಕೆಲಸ ಬಿಟ್ಟಿದ್ದರು. ಸಂಜೆಯ ತೇರ್ಸ, ಅಂದರೆ ಜಪಮಾಲೆಯ ಪ್ರಾರ್ಥನೆ, ಅವರೇ ನಡೆಸುತ್ತಿದ್ದರು. ಯಾರಾದರೂ ಆಕಳಿಸಿದರೆ ಪ್ರಾರ್ಥನೆ ನಿಲ್ಲಿಸಿ ಅವರ ಮುಖ ನೋಡುತ್ತಿದ್ದರು.

ಆ ಮನೆಯಲ್ಲಿ ಅಲಸಂಡೆಗೂ ಹಂದಿಮಾಂಸಕ್ಕೂ ಮುಖ ಪರಿಚಯವೇ ಇರಲಿಲ್ಲ. ಮೀನಿಗೆ ಒಂದು ಮಡಕೆ, ತರಕಾರಿಗೆ, ಕಾಳಿಗೆ ಒಂದು, ಹಂದಿಮಾಂಸಕ್ಕೆ ಎಲ್ಲಕ್ಕಿಂತ ದೊಡ್ಡದೊಂದು. ಅದು ಮಾಂಯ್ ಸೊಸೆಯಾಗಿ ಬಂದಾಗಿನಿಂದ ಇದ್ದ ಮಡಕೆ, ಒಳಗೂ ಹೊರಗೂ ಕಪ್ಪು. ಈಸ್ಟರಿಗೆ ಮೊದಲಿನ ನಲವತ್ತು ದಿನ ನಮಗೆ ತಪಸ್ಸಿನ ಕಾಲ. ಆಗಿನ ಹಿರಿಯರು ಆ ದಿನಗಳಲ್ಲಿ ಮಾಂಸ ಮುಟ್ಟುತ್ತಿರಲಿಲ್ಲ. ಆ ಕಾಲ ಶುರುವಾಗುವ ವಿಭೂತಿ ಬುಧವಾರದ ಹಿಂದಿನ ದಿನ ಮಾಂಯ್ ಆ ಮಡಕೆಗೆ ಬೂದಿ ಹಚ್ಚಿ, ಬಿಸಿನೀರಿನಲ್ಲಿ ತೊಳೆದು, ಅಟ್ಟದ ಮೇಲೆ ಕವುಚಿ ಹಾಕುತ್ತಿದ್ದರು. ಈಸ್ಟರಿನ ತನಕ ಅದು ಕೆಳಗೆ ಇಳಿಯಬಾರದು.

ಮದುವೆಯಾದ ವರ್ಷವೇ ಬಸುರಾಗಿದ್ದೆ. ಅದು ನಿಲ್ಲಲಿಲ್ಲ. ಅಂದಿನಿಂದ ಮಾಂಯ್ ನನಗೆ ಕೊಡ ಹೊರಲು ಬಿಡಲಿಲ್ಲ. ಮರುವರ್ಷ ಮತ್ತೆ ದಿನ ನಿಂತಿತು, ಹಿಂದೆಯೇ ತಪಸ್ಸಿನ ಕಾಲ ಬಂತು. ಆ ಸಲ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಗಂಜಿ ಕುಡಿದರೆ ಗಂಜಿ, ನೀರು ಕುಡಿದರೆ ನೀರು, ಬಂದ ದಾರಿಯಲ್ಲೇ ಹೊರಗೆ. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಇದೂ ಹಿಂದಿನದರ ಹಾಗೆ ಆಗುತ್ತದೆಯೋ ಎಂಬ ಹೆದರಿಕೆ ನನಗೆ. ಮಾಂಯ್‌ಗೆ ನನಗಿಂತ ಹೆಚ್ಚು.

"ಬಾಯೆ, ನಿನ್ನ ಬಾಯಿಗೆ ಎಂಥ ಬೇಕು ಹೇಳು. ಎಂಥ ಬೇಕಾದರೂ ಮಾಡಿ ಕೊಡ್ತೇನೆ" ಎಂದು ಕೇಳಿದರು. ಬಾಯೆ ಎಂದರೆ ಮಗಳೇ ಎಂದ ಹಾಗೆ.

ನನಗೆ ಬೇಕಾದದ್ದು ಅಮ್ಮನ ಅಲಸಂಡೆ ಮತ್ತು ಹಂದಿಮಾಂಸ. ಮಲಗಿದರೂ ಎದ್ದರೂ ಅದೇ. ಆದರೆ ತಪಸ್ಸಿನ ಕಾಲದಲ್ಲಿ, ಆ ಮನೆಯಲ್ಲಿ, ಹಂದಿ ಎಂಬ ಶಬ್ದವನ್ನು ಬಾಯಲ್ಲಿ ತರುವುದು ಹೇಗೆ? "ಅಲಸಂಡೆ" ಎಂದೆ. ಅಷ್ಟರಲ್ಲೇ ನಿಲ್ಲಿಸಿದೆ.

ಮಾಂಯ್‌ಗೆ ಸಂತೋಷವಾಯಿತು. ಅದೆಂಥ ದೊಡ್ಡ ವಿಷಯ! ಅಂದೇ ತೆಂಗಿನಕಾಯಿ ಕಡೆದು ಹಾಕಿ ಅಲಸಂಡೆ ಮಾಡಿದರು. ನಾನು ಎರಡು ತುತ್ತು ತಿಂದು ಹಿತ್ತಿಲಿಗೆ ಓಡಿದೆ. ಮರುದಿನ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಮಾಡಿದರು, ಓಡಿದೆ. ಬೆಲ್ಲ ಹಾಕಿ ಮಾಡಿದರು. ಸೌತೆಕಾಯಿಯ ಜೊತೆ ಮಾಡಿದರು. ಬೀಜ ಹಳತಾಗಿರಬೇಕು ಎಂದು ಮಗನ ಹತ್ತಿರ ಮೂಡುಬಿದಿರೆಯ ಅಂಗಡಿಯಿಂದ ಹೊಸದನ್ನು ತರಿಸಿದರು. ಅವರು ತಂದದ್ದು ಅದೇ ಚುಕ್ಕಿ ಚುಕ್ಕಿಯ ಅಲಸಂಡೆ. ಅದನ್ನು ನೋಡಿ ನನಗೆ ಇನ್ನೂ ಕಷ್ಟವಾಯಿತು.

ಮಾಂವ್‌ಗೆ ಸಾಕಾಗಿತ್ತು. ಹೆಂಡತಿಯನ್ನು ಅವರು ಕರೆಯುತ್ತಿದ್ದುದು "ಅಗೋ" ಎಂದೇ. "ಅಗೋ, ಇದು ಮನೆಯಾ, ಕುದುರೆ ಲಾಯವಾ? ದಿನಾ ಕಾಳು!"

"ಅಪ್ಪಾ, ಆ ಅಂಗಡಿಯವ ಕೇಳ್ತಾನೆ, ನಿಮ್ಮಲ್ಲಿ ಪಾರಿವಾಳ ಸಾಕ್ತೀರಾ ಅಂತ" ಎಂದು ನಿಮ್ಮ ಅಜ್ಜ ನಕ್ಕರು.

"ನೀನು ಟಿಕೇಟು ಹರಿ, ಸಾಕು" ಎಂದು ಮಾಂಯ್ ಇಬ್ಬರ ತಟ್ಟೆಗೂ ಇನ್ನೊಂದು ಸೌಟು ಅಲಸಂಡೆ ಸುರಿದರು.

ಒಂದು ದಿನ ಬೆಳಿಗ್ಗೆ ಒಲೆಗೆ ಗೆರಟೆ, ಅಂದರೆ ತೆಂಗಿನ ಚಿಪ್ಪು, ಬೇಕಾಯಿತು. ಗೆರಟೆ ಅಟ್ಟದಲ್ಲಿ. ಏಣಿ ಹತ್ತಬೇಡ ಎಂದು ಮಾಂಯ್ ಹೇಳಿದ್ದರು, ಆದರೆ ಅವರು ಬಾವಿಕಟ್ಟೆಯಲ್ಲಿ ಇದ್ದುದರಿಂದ ನಾನೇ ಹತ್ತಿದೆ. ಕವುಚಿ ಹಾಕಿದ ಮಡಕೆ ಗೆರಟೆಯ ರಾಶಿಯ ಪಕ್ಕದಲ್ಲೇ ಇತ್ತು. ಅಟ್ಟದ ಸೆಕೆಗೆ ಅದರ ಮೈ ಬೆಚ್ಚಗಾಗಿ ವಾಸನೆ ಬರುತ್ತಿತ್ತು: ಕೊಬ್ಬು, ಪುಡಿ, ಹುಳಿ, ಹೊಗೆ. ಎಷ್ಟೋ ದಿನದ ಮೇಲೆ ನನ್ನ ಬಾಯಲ್ಲಿ ನೀರೂರಿತು, ಹೊಟ್ಟೆ ತೊಳಸಲಿಲ್ಲ. ನಾನು ಕಣ್ಣು ಮುಚ್ಚಿ ಅದಕ್ಕೆ ಮುಖ ಒತ್ತಿಕೊಂಡೆ.

"ಬಾಯೆ! ಅಲ್ಲಿ ಎಂಥ ಮಾಡ್ತಾ ಇದ್ದೀ? ಮಡಕೆಗೆ ಮುತ್ತು ಕೊಡ್ತೀಯಾ?"

ಮಾಂಯ್ ಕೆಳಗೆ ಏಣಿ ಹಿಡಿದು ನಿಂತಿದ್ದರು. ನಾನು ಇಳಿದೆ. ಮೂಗಿನ ತುದಿಗೆ ಮಸಿ. ನನಗೆ ಅಳು ಬಂತು.

"ಅಳಬೇಡ. ಹೇಳು, ಅಲಸಂಡೆಯ ಜೊತೆ ಬೇರೆ ಎಂಥ ಬೇಕಿತ್ತು ನಿನಗೆ?"

"ಹಂದಿ" ಎಂದೆ, ನನಗೇ ಕೇಳದಷ್ಟು ಸಣ್ಣಕ್ಕೆ.

"ಅಯ್ಯೋ ಮಾರಾಯ್ತಿ! ಅರ್ಧ ಮಾತು ಹೇಳಿ ನನ್ನ ಕೈಯಲ್ಲಿ ಊರಿನ ಅಲಸಂಡೆ ಎಲ್ಲ ಬೇಯಿಸಿದೆಯಲ್ಲ!" ಎಂದು ಅವರು ತಲೆಗೆ ಕೈ ಹೊತ್ತರು. ಆಮೇಲೆ ಸೆರಗಿನಿಂದ ನನ್ನ ಮೂಗು ಒರೆಸಿದರು.

ಆದರೆ ಮಾಂಸ ತರುವುದು ಎಲ್ಲಿಂದ? ಈಸ್ಟರಿನ ತನಕ ನಮ್ಮ ಕಡೆ ಹಂದಿ ಕಡಿಯುವವರೇ ಇಲ್ಲ. ಕೇಳಿದರೆ ಬಸುರಿಯರಿಗೆ ಪಾದ್ರಿಗಳು ವಿನಾಯಿತಿ ಕೊಡುತ್ತಾರೆ, ಅದು ಮಾಂಯ್‌ಗೆ ಗೊತ್ತಿತ್ತು. ವಿನಾಯಿತಿಯನ್ನು ಬೇಯಿಸಿ ಬಡಿಸಲು ಆಗುವುದಿಲ್ಲವಲ್ಲ. ಅವರು ಅಟ್ಟದ ಕಡೆ ನೋಡಿದರು. ಮತ್ತೆ ತಾವೇ ಏಣಿ ಹತ್ತಿ ಮಡಕೆಯನ್ನು ಇಳಿಸಿದರು. ನೆನೆದಿದ್ದ ಅಲಸಂಡೆಯನ್ನು ಅದಕ್ಕೆ ಹಾಕಿದರು. ಬಫಾತ್ ಪುಡಿ, ನೀರುಳ್ಳಿ, ಶುಂಠಿ, ಎಲ್ಲ ಮಾಂಸಕ್ಕೆ ಹಾಕುವ ಹಾಗೆಯೇ. ಬೆಂಕಿ ಏರಿದಂತೆ ಆ ಹಳೆಯ ಮಣ್ಣು ತಾನು ಕುಡಿದದ್ದನ್ನು ಬಿಡತೊಡಗಿತು. ನೀರಿನ ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣುಗಳು ತೇಲಿದವು.

ಮಧ್ಯಾಹ್ನ ಮಾಂವ್ ಊಟಕ್ಕೆ ಕುಳಿತರು. ನಾನು ಬಾಗಿಲಿನ ಹಿಂದೆ.

"ಅಗೋ, ಇದು ಎಂಥ ವಾಸನೆ?"

"ಅಲಸಂಡೆ" ಎಂದರು ಮಾಂಯ್.

"ಅಲಸಂಡೆಗೆ ಈ ವಾಸನೆ ಬರುವುದನ್ನು ನಾನು ಹುಟ್ಟಿದ ಮೇಲೆ ಕಾಣಲಿಲ್ಲ."

"ಬಫಾತ್ ಪುಡಿ ಹಾಕಿದ್ದೇನೆ."

"ಪುಡಿಯಲ್ಲಿ ಕೊಬ್ಬು ಉಂಟಾ?"

"ಮಡಕೆಯಲ್ಲಿ ಉಂಟು. ನೀವು ಹಂಚಿನ ಕಾರ್ಖಾನೆಯವರಲ್ಲವಾ, ಮಣ್ಣು ಕುಡಿದದ್ದನ್ನು ಮರೆಯುವುದಿಲ್ಲ ಅಂತ ನೀವೇ ಹೇಳ್ತೀರಿ."

ಮಾಂವ್ ಒಲೆಯ ಕಡೆ ತಿರುಗಿದರು. ಮಡಕೆ ಕಂಡಿತು. "ಈ ಮಡಕೆಯನ್ನು ಯಾಕೆ ಇಳಿಸಿದ್ದು? ಈ ಮನೆಯಲ್ಲಿ ಕಾಳಿನ ಮಡಕೆ ಇಲ್ವಾ?"

"ಒಡೆದಿದೆ."

ಕಾಳಿನ ಮಡಕೆ ಅವರ ಎದುರಿನ ಹಲಗೆಯ ಮೇಲೆ ನೆಟ್ಟಗೆ ಕುಳಿತಿತ್ತು. ಮಾಂವ್ ಬೆರಳು ತೋರಿಸಿದರು. "ಮತ್ತೆ ಅದು ಎಂಥದು?"

ಮಾಂಯ್ ಹಲಗೆಯ ಹತ್ತಿರ ಹೋದರು. ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿದರು, ಒಮ್ಮೆ ಗಂಡನ ಮುಖ ನೋಡಿದರು, ಕೈ ಬಿಟ್ಟರು. ಮೂಲೆಯಲ್ಲಿದ್ದ ಕೋಳಿ ಕಿರುಚಿಕೊಂಡು ಹೊರಗೆ ಓಡಿತು.

"ಇದಾ? ಒಡೆದಿದೆ" ಎಂದರು.

ಮಾಂಯ್‌ನ ಸ್ವರ ಆಗ ಬದಲಾಯಿತು. "ಕಳೆದ ಸಲದ್ದು ನಿಲ್ಲಲಿಲ್ಲ. ಇವಳು ಇಷ್ಟು ದಿನದಿಂದ ಏನೂ ತಿಂದಿಲ್ಲ. ಇದೂ ಹೋದರೆ ನಾವು ಯಾವ ಮುಖದಲ್ಲಿ ಈಸ್ಟರ್ ಮಾಡುವುದು? ಪಾಪವಾದರೆ ನನಗೆ ಇರಲಿ."

"ಮಾಂಸ ಹಾಕಿದ್ದೀಯಾ?"

"ಒಂದು ನೂಲಿನಷ್ಟೂ ಇಲ್ಲ."

ಮಾಂವ್ ತಮ್ಮ ಮುಂದಿದ್ದ ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದರು. "ನನಗೆ ಉಪ್ಪಿನಕಾಯಿ ಹಾಕು, ಸಾಕು" ಎಂದರು. ಮತ್ತೆ ಬಾಗಿಲಿನ ಕಡೆ ನೋಡದೆಯೇ, "ಅವಳಿಗೆ ಬಡಿಸು. ಬಿಸಿ ಇರುವಾಗಲೇ" ಎಂದರು.

ನಾನು ಅಡುಗೆಮನೆಯ ನೆಲದಲ್ಲಿ ಕುಳಿತು ಕುಚ್ಚಲಕ್ಕಿ ಅನ್ನದ ಮೇಲೆ ಅದನ್ನು ಹಾಕಿಸಿಕೊಂಡು ಉಂಡೆ. ಮಾಂಸದ ಚೂರೂ ಇಲ್ಲದ ಹಂದಿಮಾಂಸದ ಪದಾರ್ಥ. ಮಾಂಯ್ ಎದುರಿಗೆ ಕುಳಿತು ನನ್ನ ಗಂಟಲನ್ನೇ ನೋಡುತ್ತಿದ್ದರು. ಉಂಡಾದ ಮೇಲೂ ಎಷ್ಟೋ ಹೊತ್ತು ಇಬ್ಬರೂ ಹಾಗೆಯೇ ಕಾದೆವು, ಹಿತ್ತಿಲ ಬಾಗಿಲನ್ನು ತೆರೆದಿಟ್ಟುಕೊಂಡು. ಏನೂ ಆಗಲಿಲ್ಲ. "ಇನ್ನೂ ಸ್ವಲ್ಪ ಹಾಕಲಾ?" ಎಂದು ಅವರು ಕೇಳಿದರು. ನಾನು ತಟ್ಟೆ ಮುಂದೆ ಮಾಡಿದೆ.

ಸಂಜೆ ನಿಮ್ಮ ಅಜ್ಜ ಬಂದು ಮಡಕೆಯ ಚೂರುಗಳನ್ನು ಕಂಡು, "ನಾಳೆ ಪಾಣೆಮಂಗಳೂರಿನಿಂದ ಹೊಸದು ತರ್ತೇನೆ" ಎಂದರು.

"ಎಂಥ ಅವಸರ?" ಎಂದರು ಮಾಂವ್. "ಈಸ್ಟರ್ ಕಳೆಯಲಿ."

ನಿಮ್ಮ ಅಜ್ಜನಿಗೆ ತಲೆಬುಡ ತಿಳಿಯಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದರು. ಹೀಗೆ ಈಸ್ಟರಿನ ತನಕ ನನ್ನ ಅಲಸಂಡೆ ಆ ಮಡಕೆಯಲ್ಲೇ ಬೆಂದಿತು. ಮಾಂವ್ ಮಾತ್ರ ಅದನ್ನು ಒಂದು ದಿನವೂ ಮುಟ್ಟಲಿಲ್ಲ. ಉಪ್ಪಿನಕಾಯಿ, ಒಣಮೀನು, ಚಟ್ನಿಯಲ್ಲಿ ಊಟ ಮುಗಿಸಿದರು. ಬೇಯಿಸಿದಷ್ಟೂ ವಾಸನೆ ತೆಳ್ಳಗಾಗುತ್ತಾ ಬಂದು ಕೊನೆಯ ವಾರದಲ್ಲಿ ಬರೀ ಮಣ್ಣಿನ ಪರಿಮಳ ಉಳಿದಿತ್ತು. ಅಷ್ಟು ಹೊತ್ತಿಗೆ ನಾನು ಕೊಟ್ಟದ್ದನ್ನೆಲ್ಲ ಉಣ್ಣುತ್ತಿದ್ದೆ.

ಈಸ್ಟರಿಗೆ ಮಾಂಸ ಬಂತು. ಮಾಂಯ್ ನನ್ನನ್ನು ಒಲೆಯ ಮುಂದೆ ನಿಲ್ಲಿಸಿ, "ನಿನ್ನ ಅಮ್ಮ ಮಾಡುವ ಹಾಗೆ ಮಾಡು, ನೋಡುವ" ಎಂದು ತಾವು ಮಣೆ ಹಾಕಿ ಕುಳಿತರು. ಉಪ್ಪು ಒಂದು ಚೂರು ಹೆಚ್ಚಾಯಿತು. ಮಾಂವ್ ಎರಡು ಸಲ ಹಾಕಿಸಿಕೊಂಡು ಉಂಡು, ಕೈ ತೊಳೆಯುವಾಗ ಹೆಂಡತಿಗೆ ಹೇಳಿದರು: "ಅಲಸಂಡೆ ಇನ್ನೂ ಸ್ವಲ್ಪ ಹಾಕಬಹುದಿತ್ತು."

"ಕುದುರೆಗೆ ರುಚಿ ಹತ್ತಿತು" ಎಂದರು ಮಾಂಯ್.

ಆಟಿ ತಿಂಗಳ, ಅಂದರೆ ಆಷಾಢದ ಮಳೆ ಮುಗಿಯುತ್ತಾ ಬಂದಿತ್ತು, ಹೊಳೆ ಇನ್ನೂ ಕೆಂಪಾಗಿ ತುಂಬಿ ಹರಿಯುತ್ತಿತ್ತು, ಆಗ ನಿಮ್ಮ ಅಪ್ಪ ಹುಟ್ಟಿದ. ಅಳು ಕೇಳಿದ ಕೂಡಲೇ ಜಗಲಿಯಿಂದ ಮಾಂವ್ ಕೂಗಿದರು, "ಎಲ್ಲ ಸರಿ ಉಂಟಾ?"

"ಬಂದು ನೋಡಿ, ಮೂಗು ನಿಮ್ಮದೇ. ಪಾಪದ ಮಗು!" ಎಂದರು ಮಾಂಯ್. ನಮ್ಮ ಕಡೆ ಪಾಪದ ಎಂದರೆ ಸಾಧು ಎಂದೂ ಆಗುತ್ತದೆ.

ಅವರು ಬಂದು ಮಗುವನ್ನು ಎತ್ತಿಕೊಳ್ಳಲು ಹೆದರಿ ಬರೀ ಅದರ ಕಾಲನ್ನು ಒಂದು ಬೆರಳಿನಿಂದ ಮುಟ್ಟಿದರು. ಹೊರಗೆ ಹೊರಟವರು ನಿಂತು, "ಬಾಯೆ, ಹೊಟ್ಟೆ ತುಂಬ ಉಣ್ಣು" ಎಂದರು. ಮಾಂವ್ ನನ್ನ ಜೊತೆ ನೇರವಾಗಿ ಮಾತಾಡಿದ್ದು ಅದೇ ಮೊದಲು. ನಾನು ಹೂಂ ಎಂದು ತಲೆಯಾಡಿಸಿದೆ.

ಆ ಇಬ್ಬರನ್ನು ನೀವು ಕಂಡವರಲ್ಲ. ಅವರ ಚಿತ್ರವೂ ನಮ್ಮಲ್ಲಿಲ್ಲ, ನೆರೆ ಬಂದ ವರ್ಷ ಹೋಯಿತು. ಅದಕ್ಕಾಗಿ ಈ ಹಾಳೆಗಳನ್ನು ಮೂವರೂ ಹಂಚಿಕೊಳ್ಳದೆ ಒಟ್ಟಿಗೇ ಇಡಿ, ನೀರು ಏರಲಾರದಷ್ಟು ಎತ್ತರದಲ್ಲಿ. ಅಡುಗೆ ಮಾಡುವಾಗ ತೆಗೆದು ಓದಿ, ಎಣ್ಣೆ ಕೈ ತಾಗಿದರೆ ನನಗೆ ಬೇಸರವಿಲ್ಲ. ಕಳೆಯಬೇಡಿ, ಅಷ್ಟೇ.