ಮಧ್ಯಾಹ್ನದ ಮೂರು ಪಾದ ನೆರಳು

ನಲ್ಲಿ ಮತ್ತು ತೊಟ್ಟಿಯ ಲೆಕ್ಕವನ್ನು ಎಷ್ಟು ವರ್ಷ ಪಾಠ ಮಾಡಿದೆನೋ. ಒಂದು ನಲ್ಲಿ ಇಷ್ಟು ಗಂಟೆಯಲ್ಲಿ ತೊಟ್ಟಿ ತುಂಬಿದರೆ ಎರಡು ನಲ್ಲಿಗೆ ಎಷ್ಟು ಹೊತ್ತು ಬೇಕು? ಬೋರ್ಡಿನ ಮೇಲೆ ಅದನ್ನು ಬರೆದು, ಬಿಡಿಸುವ ಕೆಲಸವನ್ನು ಮಕ್ಕಳಿಗೇ ಬಿಡುತ್ತಿದ್ದೆ. ಕಾರಣ ಹೇಳಲು ನಾಚಿಕೆ. ಈಗ ಅದನ್ನು ಮುಚ್ಚಿಟ್ಟುಕೊಳ್ಳಲೂ ಶಕ್ತಿಯಿಲ್ಲ.

ಅರವತ್ತರ ದಶಕದ ಕೊನೆ. ಕೃಷ್ಣರಾಜನಗರದ ಹತ್ತಿರದ ನಮ್ಮೂರಿನ ಶಾಲೆಗೆ ನಾನು ಹೊಸ ಲೆಕ್ಕದ ಮೇಷ್ಟ್ರು, ಕೈಗಡಿಯಾರ ಕಟ್ಟಿದ್ದ ಒಬ್ಬನೇ ಗಂಡಸು. ಬೇಸಿಗೆಯಲ್ಲಿ ನಾಲೆಯ ನೀರು ಕಡಿಮೆ. ಒಂದೇ ಕಾಲುವೆಗೆ ಎಂಟು ಗದ್ದೆ, ಒಂದೊಂದೂ ಒಂದು ಎಕರೆ. ಸರದಿಯ ಮೇಲೆ ನೀರು ಬಿಡುವವನು ನೀರುಗಂಟಿ. ತನ್ನ ನೆರಳಿನ ತಲೆ ಬಿದ್ದಲ್ಲಿ ಕಡ್ಡಿ ಊರಿ, ಪಾದಕ್ಕೆ ಪಾದ ತಾಗಿಸಿ ಅಳೆಯುತ್ತಿದ್ದ. ನೆರಳು ಮೂರು ಪಾದ ಸರಿದರೆ ಒಬ್ಬರ ಸರದಿ ಮುಗಿಯಿತು. ಮಧ್ಯಾಹ್ನದ ಸರದಿ ಯಾವಾಗಲೂ ಕಡೇ ಗದ್ದೆಯ ನಮ್ಮ ದೊಡ್ಡಮ್ಮನದು. ಗಂಡ ಸತ್ತ ಮೇಲೆ ಅವಳಿಗೆ ಉಳಿದಿದ್ದು ಆ ಒಂದೆಕರೆ ಭತ್ತ.

ಒಂದು ಭಾನುವಾರ ಏರಿಯ ಮೇಲೆ ಕೂತು ಗಡಿಯಾರ ನೋಡಿದೆ. ಬೆಳಿಗ್ಗೆಯ ಉದ್ದ ನೆರಳು ಬೇಗ ಕುಗ್ಗುತ್ತದೆ. ಮೂರು ಪಾದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಅದೇ ಮೂರು ಪಾದಕ್ಕೆ ಒಂದೂವರೆ ಗಂಟೆ. ಅಂದರೆ ದೊಡ್ಡಮ್ಮನಿಗೆ ಬೆಳಗಿನವರ ಮೂರು ಪಟ್ಟು ಹೊತ್ತು ನೀರು. ನನ್ನ ದೊಡ್ಡಮ್ಮನೆಂದು ಸುಮ್ಮನಿದ್ದರೆ ನಾನೆಂಥ ಲೆಕ್ಕದ ಮೇಷ್ಟ್ರು? ಎಲ್ಲರನ್ನೂ ಸೇರಿಸಿ, ತಲಾ ನಲವತ್ತು ನಿಮಿಷ ಎಂದು ಬರೆದುಕೊಟ್ಟೆ. ಗಡಿಯಾರ ಬಿಚ್ಚಿ ನೀರುಗಂಟಿಯ ಕೈಗೆ ಕಟ್ಟಿದೆ.

"ನಮ್ಮಪ್ಪನ ಕಾಲ್ದಿಂದ ಇಂಗೇ ಐತೆ ಕಣ್ರೀ ಮೇಷ್ಟ್ರೇ," ಅಂದ ಅವನು.

"ಓದಿರೋನು ಏಳ್ತಾವ್ನೆ, ಅಂಗೇ ಆಗ್ಲಿ ಬುಡು," ಅಂದಳು ದೊಡ್ಡಮ್ಮ. ಅವಳ ಮುಖದಲ್ಲಿ ಹೆಮ್ಮೆಯಿತ್ತು.

ಇಪ್ಪತ್ತು ದಿನದಲ್ಲಿ ಅವಳ ಗದ್ದೆ ಬಿರುಕು ಬಿಟ್ಟಿತು. ನೀರುಗಂಟಿ ನನ್ನನ್ನು ಕರೆದುಕೊಂಡು ಹೋದ. ಏಳನೇ ಗದ್ದೆ ದಾಟಿದ ಮೇಲೆ ಕಾಲುವೆ ದೂರದವರೆಗೆ ಬರೀ ಮರಳು ನೆಲದಲ್ಲಿ ಹೋಗುತ್ತಿತ್ತು. ನೀರು ಬಿಟ್ಟು ಅದರ ಜೊತೆಗೇ ನಡೆದೆವು. ಮರಳು ಕುಡಿದು ಉಳಿದದ್ದು ಅವಳ ಗದ್ದೆ ಮುಟ್ಟುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಇನ್ನು ಹತ್ತೇ ನಿಮಿಷ.

"ನೀರೂ ನಡ್ಕಂಡೇ ಬರ್ಬೇಕಲ್ರಾ," ಅಂದ ನೀರುಗಂಟಿ. "ಅದ್ಕೇ ಇರ್ಬೇಕು, ಹಳಬ್ರು ಈವಮ್ಮಂಗೆ ಮಧ್ಯಾನ ಮಡಗಿದ್ದು. ನಂಗೂ ಈಗ್ಲೇ ತಿಳೀತು."

ಉಳಿದ ಏಳು ಮನೆಗೂ ಹೋಗಿ ಕೇಳಿಕೊಂಡೆ, ಹಳೇ ಪದ್ಧತಿಗೇ ಹೋಗೋಣವೆಂದು. "ನೀವೇ ಆಕ್ಕೊಟ್ಟ ಲೆಕ್ಕ ಅಲ್ವ್ರಾ, ಸರಿಯಾಗೇ ಐತೆ ಬುಡಿ," ಅಂದರು. ಹಟಕ್ಕೆ ಬಿದ್ದು ಗಡಿಯಾರ ವಾಪಸ್ ತೆಗೆದುಕೊಂಡೆ. ಮಾರನೆಯ ವಾರ ಮೊದಲ ಗದ್ದೆಯವರು ಮೈಸೂರಿಗೆ ಹೋಗಿ ಹೊಸದೊಂದು ತಂದರು.

ದೊಡ್ಡಮ್ಮ ಭತ್ತದ ಆಸೆ ಬಿಟ್ಟು ಮಳೆಗಾಲದಲ್ಲಿ ರಾಗಿ ಹಾಕಿದಳು. ಸಾಯುವವರೆಗೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕೇಳಿದವರಿಗೆಲ್ಲ, "ನನ್ ಮಗನ ಲೆಕ್ಕ ತಪ್ಪಲ್ಲ ಕಣವ್ವ, ನನ್ ಗದ್ದೆಯೇ ದೂರ," ಅನ್ನುತ್ತಿದ್ದಳು.